ಬೊಮ್ಮಸಂದ್ರಕ್ಕೆ ಒಯ್ದ ಕಾರ್ಬನ್ ಲೆಕ್ಕ

ಬೆಳಿಗ್ಗೆ ಎಂಟಕ್ಕೆ ಲಗ್ಗೆರೆಯ ಮನೆ ಬಿಟ್ಟೆ. ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ಸ್ಯಾಂಪಲ್ಲಿಗೆ ಎರಡು ಉಕ್ಕಿನ ಗೇರು ಚಕ್ರ, ನಾನು ದಿನವೂ ಬರೆಯುವ ಮೀಟರ್ ಪುಸ್ತಕ. ಪೀಣ್ಯದಲ್ಲಿ ಗೇರುಗಳನ್ನು ಫರ್ನೇಸಿನಲ್ಲಿ, ಅಂದರೆ ಕರೆಂಟಿನ ಕುಲುಮೆಯಲ್ಲಿ, ಕಾಯಿಸಿ ಗಟ್ಟಿ ಮಾಡುವ ಪುಟ್ಟ ಶೆಡ್ಡು ನಮ್ಮದು. ಮಾಲೀಕ ರಾಜಣ್ಣ, ಮೇಲ್ವಿಚಾರಣೆ ನನ್ನದು, ಕೆಲಸಕ್ಕೆ ಎಂಟು ಜನ. ಬೊಮ್ಮಸಂದ್ರದ ಒಂದು ಕಂಪನಿಯ ಆರ್ಡರಿನಿಂದಲೇ ನಮ್ಮೆಲ್ಲರ ಊಟ. ಒಂದು ಗೇರಿಗೆ ಎಷ್ಟು ಕಾರ್ಬನ್ ಎಂದು ಇವತ್ತು ಬರೆದುಕೊಡದಿದ್ದರೆ ಅದು ನಿಲ್ಲುತ್ತಿತ್ತು. ಹೊರದೇಶದ ಗಿರಾಕಿಗಳು ಕೇಳುತ್ತಾರಂತೆ. ಫಾರಂ ತುಂಬಿ ಇಟ್ಟುಕೊಂಡಿದ್ದೆ.

ಗೇರಿನ ಭಾರಕ್ಕೆ ಹೆದರಿ ಮೆಟ್ರೋ ನಿಲ್ದಾಣದವರೆಗೆ ಆಟೋ ಹಿಡಿದೆ, ಎಂಬತ್ತು ರೂಪಾಯಿ. ಟೋಕನ್ನಿಗೆ ತೊಂಬತ್ತು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಬಿಟ್ಟು ಹಳದಿ ಹತ್ತಿದಾಗ ಪಕ್ಕದಲ್ಲಿ ಶಾಂತವ್ವ ಎನ್ನುವವಳು ಬಂದು ಕುಳಿತಳು. ರಾಯಚೂರಿನ ಕಡೆಯವಳು, ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಕೆಲಸ.

"ಮೊದ್ಲ ಮೂರು ಬಸ್ ಬದಲಿ ಮಾಡ್ತಿದ್ನಿ ಅಕ್ಕಾರ. ಈಗ ನಮ್ಮ ಮನಿಯವ್ರ ಗಾಡೀನೂ ಮನಿ ಮುಂದ ನಿಂತೈತಿ," ಎಂದಳು. ನನ್ನ ಫಾರಂ ಇಣುಕಿ, "ಕಾರ್ಬನ್ ಅಂದ್ರ ಹೊಗಿ ಹೌದಲ್ರಿ?" ಎಂದಳು.

"ಅಲ್ಲಮ್ಮ, ಉಕ್ಕಿನೊಳಗೆ ಇರುತ್ತಲ್ಲ, ಅದು," ಎಂದು ತಿಳಿದವಳಂತೆ ನಕ್ಕೆ.

ಕಂಪನಿಯ ಎಂಜಿನಿಯರ್ ಪ್ರಕಾಶ್ ಫಾರಂ ನೋಡಿ ಕನ್ನಡಕ ತೆಗೆದರು. "ಮೇಡಂ, ಪಾಯಿಂಟ್ ನಾಲ್ಕು ಪರ್ಸೆಂಟ್ ಅಂತ ಬರ್ದಿದ್ದೀರಲ್ಲ, ಇದು ಸ್ಟೀಲ್ ಒಳಗಿನ ಕಾರ್ಬನ್. ನಾವು ಕೇಳಿದ್ದು ಹೊಗೆ!"

ಮುಖ ಬೆಚ್ಚಗಾಯಿತು. ಇಪ್ಪತ್ತೆರಡು ವರ್ಷದಿಂದ ಪೀಣ್ಯದಲ್ಲಿ ಕಾರ್ಬನ್ ಎಂದರೆ ನಮಗೆ ಉಕ್ಕಿನ ಗುಣ, ಬೇರೆ ಅರ್ಥ ಹೊಳೆದೇ ಇರಲಿಲ್ಲ.

"ಕರೆಂಟ್, ಡೀಸೆಲ್ ಎಷ್ಟು ಸುಟ್ರಿ ಅಂತ ಬೇಕು. ಸಂಜೆ ಒಳಗೆ. ಎಲ್ಲಿಂದ ತರ್ತೀರಾ?"

ಮೀಟರ್ ಪುಸ್ತಕ ಮುಂದಿಟ್ಟೆ. ದಿನದ ರೀಡಿಂಗು, ಜನರೇಟರಿಗೆ ಹಾಕಿದ ಡೀಸೆಲ್ಲು, ಫರ್ನೇಸಿಗೆ ಇಳಿಸಿದ ಗೇರಿನ ಬುಟ್ಟಿಗಳು, ಎಲ್ಲ ಅದರಲ್ಲಿದ್ದವು. ಪ್ರಕಾಶ್ ಅದನ್ನು ಕಂಪ್ಯೂಟರಿಗೆ ಏರಿಸತೊಡಗಿದರು. ನಾನು ಚಿತ್ರಾನ್ನ ಮುಗಿಸಿ ಬಂದರೂ ಕುಟ್ಟುತ್ತಲೇ ಇದ್ದರು.

"ಕರೆಂಟ್ ಹೋದ ದಿನ ಡೀಸೆಲ್ ಸುಟ್ಟು ಲೆಕ್ಕ ಏರಿದೆ. ಆದ್ರೆ ಅರ್ಧ ಲೋಡ್ ಒಂದೂ ಇಲ್ವಲ್ಲ?"

"ಅರ್ಧ ಫರ್ನೇಸ್ ಕಾಯ್ಸೋ ಶೋಕಿ ನಮಗೆಲ್ಲಿ ಸಾರ್? ಪಕ್ಕದ ಶೆಡ್ಡೋರ ಮಾಲು ಬಂದು ತುಂಬೋವರ್ಗೂ ಕಾಯ್ತೀವಿ. ನಲ್ಲಿ ನೀರಿಗೆ ಜಗಳ ಆಡಿದ್ರೂ ಫರ್ನೇಸ್ ವಿಷ್ಯಕ್ಕೆ ಎಲ್ರೂ ಒಂದೇ."

"ನಮ್ಮ ದೊಡ್ಡ ಸಪ್ಲೈಯರ್‌ಗಳಿಗಿಂತ ಒಂದು ಗೇರಿಗೆ ನಿಮ್ದೇ ಹೊಗೆ ಕಮ್ಮಿ ಮೇಡಂ," ಎಂದು ಅವರು ಸಹಿ ಹಾಕಿದರು.

ಮೂರೂವರೆಗೆ ಮತ್ತೆ ರೈಲು ಹತ್ತಿದೆ. ಇಷ್ಟು ಹೊಗೆ ಬಿಟ್ಟು ಇಡೀ ದೇಶ ಎಷ್ಟು ಕೆಲಸ ತೆಗೆಯಿತು ಎಂಬ ದೊಡ್ಡ ಲೆಕ್ಕವೊಂದು ಇದೆಯಂತೆ, ಪ್ರಕಾಶ್ ಹೇಳಿದ್ದರು. ಅರ್ಧ ಫರ್ನೇಸ್ ಕಾಯಿಸದ ನಮ್ಮ ಕೈ ಬಿಗಿಯೂ ಶಾಂತವ್ವನ ಮನೆ ಮುಂದೆ ನಿಂತ ಗಾಡಿಯೂ ಅದರೊಳಗೆ ಖಂಡಿತ ಇವೆ. ಪ್ಲಾಟ್‌ಫಾರಮ್ಮಿನಲ್ಲಿ ಅವಳನ್ನು ಹುಡುಕಿದ್ದೆ, ನೀನು ಹೇಳಿದ್ದೇ ಸರಿ ಎನ್ನಲು; ಅವಳ ಪಾಳಿ ಇನ್ನೂ ಬಿಟ್ಟಿರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಹಿಂದೆ ಸರಿಯುವಾಗ ರಾಜಣ್ಣನ ಫೋನು. ಆರ್ಡರ್ ಉಳಿಯಿತೆಂದೆ. ಆ ತುದಿಯಲ್ಲಿ ಸಿಳ್ಳೆ ಕೇಳಿಸಿತು.

"ಅಕ್ಕಾ, ಈ ಖುಷೀಲಿ ಈಗ್ಲೇ ಫರ್ನೇಸ್ ಸ್ವಿಚ್ ಹಾಕ್ಬಿಡ್ಲಾ?"

"ತುಂಬ್ತಾ?"

"ಇಲ್ಲ, ಇನ್ನೊಂದು ಬುಟ್ಟಿ ಬರ್ಬೇಕು."

"ಹಂಗಾದ್ರೆ ಕಾಯ್ಬೇಕು ಕಣಣ್ಣ."