ಪ್ಲೇನಿನ ಪದವಿನಲ್ಲಿ ಅಕ್ಕನ ರಿವರ್ಸ್

ನಮ್ಮ ಪದವಿನಲ್ಲಿ ಇಳಿಯುತ್ತಿದ್ದ ವಿಮಾನದ ಬಾಲ ಕೆಂಪು ಎಂದು ನನ್ನ ನೆನಪು. ಅಕ್ಕನಿಗೆ ಅದು ನೀಲಿ. ಪಕ್ಕದ ಮನೆಯ ಬಾಯಮ್ಮನ ಪ್ರಕಾರ ಅದಕ್ಕೆ ಬಣ್ಣವೇ ಇರಲಿಲ್ಲ, ಬಿಸ್ಕತ್ತಿನ ಡಬ್ಬದ ಹಾಗೆ ಹೊಳೆಯುತ್ತಿತ್ತು. ಮೂವರೂ ಒಂದೇ ಬೇಲಿಯ ಹಿಂದೆ ನಿಂತು ನೋಡಿದವರು. ಆದ್ದರಿಂದ ವಿಮಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಅದು ಇಳಿಯುತ್ತಿದ್ದ ದಾರಿ ಮಾತ್ರ ಈಗಲೂ ಇದೆ. ಮುಳ್ಳೇರಿಯದಿಂದ ಒಳಗೆ, ನಾವು ಪದವು ಎನ್ನುವ ಎತ್ತರದ ಮುರಕಲ್ಲಿನ ಬಯಲಿನ ಮೇಲೆ, ಬಿಳಿ ಜೇಡಿಮಣ್ಣಿನ ಗಣಿಯವರು ತಮ್ಮ ಸಾಹೇಬರಿಗಾಗಿ ಮಾಡಿಸಿದ್ದು. ಗಣಿ ಮುಚ್ಚಿತು. ಕ್ವಾರ್ಟರ್ಸಿನ ಹಂಚುಗಳು ಸುತ್ತಲಿನ ದನದ ಹಟ್ಟಿಗಳ ಮೇಲೆ ಹೋಗಿ ಕೂತವು. ರನ್‌ವೇಯನ್ನು ಹೊತ್ತೊಯ್ಯುವ ಉಪಾಯ ಯಾರಿಗೂ ಹೊಳೆಯದ್ದರಿಂದ ಅದು ಉಳಿಯಿತು. ಬೇಸಿಗೆಯಲ್ಲಿ ಅದರ ಮೇಲೆ ಬಾಯಮ್ಮ ಹಲಸಿನ ಹಪ್ಪಳ ಒಣಗಿಸುತ್ತಾರೆ. ಗಾಳಿಚೀಲ ಹಾರುತ್ತಿದ್ದ ಕಂಬಕ್ಕೆ, ಕಾಗೆ ಹೆದರಲಿ ಎಂದು, ಹಳೆಯ ನೈಟಿಯೊಂದನ್ನು ಕಟ್ಟಿದ್ದಾರೆ. ಗಾಳಿಯ ದಿಕ್ಕು ಈಗಲೂ ಸರಿಯಾಗಿಯೇ ತಿಳಿಯುತ್ತದೆ.

ಊರಿನವರು ಕಾರು ಕಲಿಯುವುದೂ ಅಲ್ಲಿಯೇ. ಅದರಿಂದ ನಮಗೆಲ್ಲ ಒಂದು ಐಬು ಅಂಟಿಕೊಂಡಿದೆ: ಮುಂದಕ್ಕೆ ಬಿಡುವುದು ಬರುತ್ತದೆ, ಹಿಂದಕ್ಕೆ ಬರುವುದಿಲ್ಲ. ಅಷ್ಟು ಅಗಲದ ಜಾಗದಲ್ಲಿ ರಿವರ್ಸ್ ಯಾರಿಗೆ ಬೇಕು? ದೊಡ್ಡದೊಂದು ಸುತ್ತು ಹಾಕಿ ವಾಪಸು ಬಂದರಾಯಿತು. ಆದರೆ ಲೈಸೆನ್ಸ್ ಬೇಕಾದರೆ ಎಚ್ ಅಕ್ಷರದ ಆಕಾರದಲ್ಲಿ ನೆಟ್ಟ ಕಂಬಿಗಳ ನಡುವೆ, ಒಂದಕ್ಕೂ ತಾಗದೆ, ಹಿಂದಕ್ಕೆ ಬಂದು ತೋರಿಸಬೇಕು. ಅಂಗನವಾಡಿ ಟೀಚರಾದ ನನ್ನ ಅಕ್ಕ ಎರಡು ಸಲ ಫೇಲಾಗಿದ್ದಳು.

ಭಾವನ ಕಣ್ಣು ಮಂದವಾಗಿ, ಅವರು ಕಾರು ಬಿಡುವುದನ್ನು ನಿಲ್ಲಿಸಿದ್ದರು. "ಈ ಸಲವೂ ಆಗದಿದ್ದರೆ ಮಾರುವುದೇ," ಎಂದರು. "ಕೋಳಿ ಒಳಗೆ ಕೂತು ಮೊಟ್ಟೆ ಇಡ್ಲಿಕ್ಕೆ ನಮಗೆ ಕಾರು ಬೇಕಾ?"

"ಮುಂದೆ ಹೋಗ್ಲಿಕ್ಕೆ ನನಗೆ ಬರ್ತದಲ್ಲ."

"ಹಾಗಾದರೆ ವಿಮಾನದ ಲೈಸೆನ್ಸ್ ತೆಗೆ. ಅದಕ್ಕೆ ರಿವರ್ಸ್ ಇಲ್ಲ."

ಅಕ್ಕ ನಗಲಿಲ್ಲ. ಮನಸ್ಸು ಬಂದಾಗ ಮಧೂರಿಗೋ ನೆಕ್ರಾಜೆಗೋ, ಬಸ್ಸಿಗೆ ಕಾಯದೆ, ಯಾರನ್ನೂ ಕೇಳದೆ ಹೋಗಿಬರಬೇಕು ಎಂಬುದು ಅವಳ ಆಸೆ. ಅದನ್ನು ಅವಳು ಹೇಳಿದ್ದು ನನಗೊಬ್ಬನಿಗೆ. ಅಥವಾ ಎಲ್ಲರಿಗೂ ಹೇಳಿರಬಹುದು, ಕೇಳಿಸಿಕೊಂಡವನು ನಾನೊಬ್ಬ.

ನಾನು ರನ್‌ವೇಯ ಮೇಲೆ ಕೋಲು ನಿಲ್ಲಿಸಿ ಅಭ್ಯಾಸ ಮಾಡಿಸಿದೆ. ಕೋಲು ಬೀಳುತ್ತಿತ್ತು, ಇಳಿದು ಎತ್ತಿ ನಿಲ್ಲಿಸುತ್ತಿದ್ದೆ, ಮತ್ತೆ ಬೀಳುತ್ತಿತ್ತು. ಬಿದ್ದರೆ ಅವಳಿಗೆ ನಷ್ಟವೇನೂ ಇರಲಿಲ್ಲ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಜಾಗದ ತುಂಬ ಹಪ್ಪಳದ ಚಾಪೆಗಳು.

"ಎಂತ ಬಾಯಮ್ಮ ಇದು, ನಾವು ಎಲ್ಲಿಗೆ ಹೋಗುವುದು?"

"ನಡುವಲ್ಲಿ ಜಾಗ ಉಂಟಲ್ಲ ಟೀಚರೇ. ಹೋಗಿ. ಆದರೆ ಒಂದು ಹಪ್ಪಳಕ್ಕೆ ತಾಗಿದರೂ ಮತ್ತೆ ನನ್ನ ಬಾಯಿಗೆ ಬಿದ್ದೀರಿ."

ನಾನು ಚಾಪೆಗಳನ್ನು ಅತ್ತಿತ್ತ ಸರಿಸಿ, ನಡುವಿನ ಜಾಗ ಎಚ್ ಆಗುವಂತೆ ಮಾಡಿದೆ. ಅಕ್ಕ ಅಂದು ಮೊದಲ ಬಾರಿಗೆ ಕನ್ನಡಿ ನೋಡಿದಳು. ಆದರೂ ಮೊದಲ ದಿನ ಒಂದು ಸಾಲು ಹೋಯಿತು. ಬಾಯಮ್ಮ ಕೊಂಕಣಿಯಲ್ಲಿ ಬೈದರು, ಕನ್ನಡದಲ್ಲಿ ಮುಗಿಸಿದರು. ಸಂಜೆ ಅದನ್ನು ನಮ್ಮ ಮನೆಯಲ್ಲೇ ಕರಿದೆವು. ಟಯರಿನ ಗೆರೆ ಮೂಡಿದ ಹಪ್ಪಳವನ್ನು ಭಾವ ಬೆಳಕಿಗೆ ಹಿಡಿದು ನೋಡಿ, "ಗ್ರಿಪ್ ಚೆನ್ನಾಗಿ ಉಂಟು," ಎಂದು ತಿಂದರು.

ಆಮೇಲಿನ ದಿನಗಳಲ್ಲಿ ಕಾರು ಹಿಂದೆ ಸರಿದಾಗಲೆಲ್ಲ ಬಾಯಮ್ಮ ಬಗ್ಗಿ, ಅಂಚಿನ ಚಾಪೆಯ ತುದಿ ಹಿಡಿದುಕೊಂಡು, ಎಳೆಯಲು ಸಿದ್ಧರಾಗಿ ನಿಲ್ಲುತ್ತಿದ್ದರು.

ಟೆಸ್ಟಿನ ದಿನ ಅಕ್ಕನೊಂದಿಗೆ ಹೋದವನು ನಾನು. ಅವಳು ಹೇಗೆ ತಿರುಗಿಸಿದಳು, ಇನ್‌ಸ್ಪೆಕ್ಟರ್ ಹೇಗೆ ಹುಬ್ಬು ಹಾರಿಸಿದರು ಎಂದು ಅನೇಕರಿಗೆ ಬಣ್ಣಿಸಿದ್ದೇನೆ. ಒಳ್ಳೆಯ ವರ್ಣನೆ, ನನಗೇ ಕಣ್ಣಿಗೆ ಕಟ್ಟುತ್ತದೆ. ಆದರೆ ನಾನು ಬೆನ್ನು ತಿರುಗಿಸಿ, ಕಾಂಪೌಂಡಿನ ಗೋಡೆ ನೋಡುತ್ತಾ ನಿಂತಿದ್ದೆ. ಕಂಬಿ ಬೀಳುವ ಸದ್ದಿಗೆ ಕಾಯುತ್ತಿದ್ದೆ. ಅದು ಬರಲಿಲ್ಲ. ಅಷ್ಟೇ ನನಗೆ ಗೊತ್ತಿರುವುದು.

"ಕಂಬಿ ನೋಡ್ಲೇ ಇಲ್ಲ ಮಾರಾಯ," ಎಂದಳು ಅಕ್ಕ. "ಎರಡೂ ಬದಿಯಲ್ಲಿ ಹಪ್ಪಳ ಉಂಟು ಅಂತ ಗ್ರಹಿಸಿ ಕಾರು ಬಿಟ್ಟೆ." ರೋಡಿನ ಟೆಸ್ಟು ಹೇಗೂ ನೇರ ಮುಂದಕ್ಕೆ, ಅದರಲ್ಲೂ ಪಾಸಾದಳು.

ವಾಪಸು ಬರುವಾಗ ಅವಳು ಮನೆಯ ಕಡೆ ತಿರುಗಿಸದೆ ಪದವು ಹತ್ತಿಸಿದಳು. ದೂರದಲ್ಲಿ, ನೈಟಿ ಕಟ್ಟಿದ ಕಂಬದ ಬಳಿ, ಭಾವ ಮತ್ತು ಬಾಯಮ್ಮ ಕಾಯುತ್ತಿದ್ದರು. ಅಕ್ಕ ರನ್‌ವೇಯ ತುದಿಯಲ್ಲಿ ದೊಡ್ಡ ಸುತ್ತು ಹಾಕಿ, ಅವರಿಗೆ ಬೆನ್ನು ಮಾಡಿ ನಿಲ್ಲಿಸಿದಳು.

"ಎಂತ ಮಾಡ್ತಿದ್ದೀ?"

"ನೀನು ಸುಮ್ಮನೆ ಕೂತುಕೋ."

ರಿವರ್ಸ್ ಹಾಕಿದಳು. ರನ್‌ವೇ ಉದ್ದಕ್ಕೂ ಹಾಗೆಯೇ ಬಂದೆವು. ನಾನು ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆ. ಇದನ್ನಂತೂ ಕಣ್ಣಾರೆ ನೋಡಿದ್ದೇನೆ. ಭಾವ ಚಪ್ಪಲಿ ಬಿಟ್ಟು ಪಕ್ಕಕ್ಕೆ ಹಾರಿದರು. ಬಾಯಮ್ಮ ಸೊಂಟದ ಮೇಲೆ ಕೈಯಿಟ್ಟು, ಹಪ್ಪಳಗಳ ನಡುವೆ ನೆಟ್ಟಗೆ ನಿಂತಿದ್ದರು. ಒಂದು ಚಾಪೆಯನ್ನೂ ಎಳೆಯಲಿಲ್ಲ.