ಪಟ್ಟಿಯಲ್ಲಿ ಹೂಂ ಎನ್ನದವನು

ದೆವ್ವದ ಕಥೆ ಹೇಳುವವರನ್ನು ನಾನು ಬಹಳ ಗೋಳುಹೊಯ್ದುಕೊಂಡಿದ್ದೇನೆ. ದುಬೈಯ ಕರಾಮದ ನಮ್ಮ ರೂಮಿನಲ್ಲಿ ಆರು ಜನ ಇದ್ದೆವು, ಎಲ್ಲರೂ ಉಡುಪಿ, ಕುಂದಾಪುರ ಕಡೆಯವರು. ಯಾರಾದರೂ ಬಾವಿಕಟ್ಟೆಯ ಮೇಲೆ ಕಂಡ ಹೆಂಗಸಿನ ಸುದ್ದಿ ತೆಗೆದರೆ, ಅವಳ ವೀಸಾ ಯಾವ ಕಂಪನಿಯದು ಎಂದು ಕೇಳಿ ಕಥೆ ಕೆಡಿಸುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ದುಬೈಗೆ ಮೆಟ್ರೊ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಕರಾಮದಲ್ಲೇ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿಯಲ್ಲಿ ಹೆಲ್ಪರ್ ಆಗಿ ಸೇರಿದವನು ನಾನು, ಟೈಪಿಂಗ್ ಕಲಿತು ಡಿಸೈನ್ ಟೇಬಲ್ಲಿಗೆ ಬಂದಿದ್ದೆ. ಜೊತೆಗೆ ಭಟ್ಕಳದ ಇಮ್ತಿಯಾಜ್ ಇದ್ದ. ನಮ್ಮಲ್ಲಿ ಪ್ರೂಫ್ ನೋಡುವ ಕ್ರಮ ಹೀಗೆ: ಮೂಲ ಹಾಳೆ ಹಿಡಿದು ನಾನು ಗಟ್ಟಿಯಾಗಿ ಓದಬೇಕು, ಮೇಜಿನ ಆಚೆ ಬದಿಯಲ್ಲಿ ಅವನು ತನ್ನ ಸ್ಕ್ರೀನ್ ನೋಡುತ್ತ, ಸರಿ ಇದ್ದರೆ ‘ಹೂಂ’ ಅನ್ನಬೇಕು. ಹೂಂ ಬಂದರೆ ಮಾತ್ರ ಮುಂದಿನ ಸಾಲು. ಈ ಅಭ್ಯಾಸ ಎಷ್ಟು ಹಿಡಿದಿತ್ತೆಂದರೆ, ಹೋಟೆಲಿನ ಮೆನು ಓದುವಾಗಲೂ ನಾನು ಸಾಲಿಗೊಮ್ಮೆ ನಿಲ್ಲುತ್ತಿದ್ದೆ.

ಆ ಶುಕ್ರವಾರ ರಜೆ ಇದ್ದರೂ ಅರ್ಜೆಂಟ್ ಕೆಲಸ ಬಂದಿತ್ತು. ಅಬುಧಾಬಿಯ ಹೋಟೆಲೊಂದರಲ್ಲಿ ಹಳೆಯ ಹಡಗುಗಳ ಪ್ರದರ್ಶನ. ಅದಕ್ಕೆ ಹಾಕುವ ದೊಡ್ಡ ಬೋರ್ಡು ಸಂಜೆಯೊಳಗೆ ಹೊರಡಬೇಕಿತ್ತು. ಬೆಳಿಗ್ಗೆ ಮ್ಯಾನೇಜರ್ ಸಿರಿಲ್ ಬಂದು ನನ್ನ ಮುಂದೆ ಎರಡು ಕಾಗದ ಇಟ್ಟರು. ಒಂದು, ಬೋರ್ಡಿಗೆ ಬೇಕಾದ ಪಟ್ಟಿ. ಇನ್ನೊಂದು ನನ್ನದೇ. ‘ನನ್ನ ಪಾಸ್‌ಪೋರ್ಟನ್ನು ಸ್ವಇಚ್ಛೆಯಿಂದ ಕಂಪನಿಯ ವಶಕ್ಕೆ ಕೊಟ್ಟಿದ್ದೇನೆ’ ಎಂಬ ಒಕ್ಕಣೆಯ ಪತ್ರ. ಪ್ರತಿ ಸಲ ವೀಸಾ ರಿನ್ಯೂ ಆಗುವಾಗ ಅದಕ್ಕೆ ಸೈನ್ ಮಾಡುವುದು ಪದ್ಧತಿ. ನಾನು ಎರಡು ಸಲ ಮಾಡಿದ್ದೆ. ನನ್ನ ಪಾಸ್‌ಪೋರ್ಟು ಸಿರಿಲ್ ಅವರ ಡ್ರಾಯರಿನಲ್ಲಿತ್ತು, ಅದರ ಬೀಗದ ಕೈ ಅವರ ಸೊಂಟದಲ್ಲಿತ್ತು. ಅದು ನನ್ನ ಕೈಗೆ ಬರಬೇಕೆಂದು ಆಸೆಯಿದ್ದರೂ ಕೇಳುವ ಧೈರ್ಯ ಇರಲಿಲ್ಲ.

“ಎರಡೂ ಸಂಜೆಗೆ ರೆಡಿ ಇರ್ಬೇಕು ಮಾರಾಯ, ಯಲ್ಲಾ,” ಎಂದು ಅವಸರಪಡಿಸಿ ಅವರು ಹೋದರು.

ಪಟ್ಟಿ ಹಾಂಗ್‌ಕಾಂಗಿನದು. ಬ್ರಿಟಿಷರ ಕಾಲದಲ್ಲಿ ಚೀನೀ ಕೂಲಿಗಳನ್ನು ದೂರದೂರಕ್ಕೆ ಒಯ್ಯುತ್ತಿದ್ದ ಉಗಿಹಡಗೊಂದರ ಪ್ರಯಾಣಿಕರ ಹೆಸರುಗಳು. ಜೊತೆಗಿದ್ದ ಟಿಪ್ಪಣಿಯನ್ನೂ ಓದಿದೆ. ಅಂಥ ಹಡಗಿಗೆ ಸರ್ಕಾರದ ಕಾನೂನಿತ್ತಂತೆ. ತಲೆಗೆ ಇಷ್ಟು ಜಾಗ, ಇಷ್ಟು ಅಕ್ಕಿ, ಇಷ್ಟು ನೀರು, ಒಬ್ಬ ವೈದ್ಯ, ಒಬ್ಬ ದುಭಾಷಿ. ಹೊರಡುವ ಮೊದಲು ಅಧಿಕಾರಿ ಹಡಗು ಹತ್ತಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎಲ್ಲಿಗೆ ಹೋಗುತ್ತಿದ್ದೀಯೆಂದು ಗೊತ್ತೇ, ನಿನ್ನ ಮನಸ್ಸಿನಿಂದಲೇ ಹೋಗುತ್ತಿದ್ದೀಯಾ ಎಂದು ಅವರ ಭಾಷೆಯಲ್ಲೇ ಕೇಳಿಸಬೇಕು. ಒಲ್ಲೆ ಎಂದವನನ್ನು ದಡಕ್ಕೆ ಇಳಿಸಬೇಕು. ಪಟ್ಟಿಯ ಕೊನೆಯ ಕಾಲಮ್ಮು ಅದರದೇ. ಮೊದಲ ಹೆಸರಿನ ಮುಂದೆ ‘ಒಪ್ಪಿದ್ದಾನೆ’ ಎಂದು ಬರೆದು, ಕೆಳಗೆ ಉದ್ದಕ್ಕೂ ‘ಮೇಲಿನಂತೆಯೇ’ ಎಂಬ ಅರ್ಥದ ಎರಡೆರಡು ಚುಕ್ಕೆ ಇಟ್ಟುಬಿಟ್ಟಿದ್ದರು. ಬೋರ್ಡಿನ ತಲೆಬರಹ: ‘ಎಲ್ಲರೂ ಸ್ವಇಚ್ಛೆಯಿಂದ ಹೊರಟವರು’.

ನನಗೆ ನಗು ಬಂತು. ನಾನು ಹತ್ತನೆಯದು ಪಾಸಾಗದವನು. ಅಂಥವರ ಪಾಸ್‌ಪೋರ್ಟಿಗೆ ಎಮಿಗ್ರೇಷನ್ನಿನವರ ಒಪ್ಪಿಗೆ ಬೇಕು. ಬೊಂಬಾಯಿಯ ಏಜೆಂಟ್ ನನಗೆ ಒಂದೇ ಪಾಠ ಹೇಳಿಕೊಟ್ಟಿದ್ದ: ಏನು ಕೇಳಿದರೂ ಹೂಂ ಅನ್ನು. ಕೌಂಟರಿನಲ್ಲಿ ಏನು ಕೇಳಿದರೋ ನನಗೆ ಅರ್ಥವಾಗಲಿಲ್ಲ, ನಾನು ಹೂಂ ಅಂದೆ.

ಟೈಪಿಂಗ್ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಇಮ್ತಿಯಾಜ್ ಶಟರ್ ಅರ್ಧ ಎಳೆದು ಜುಮ್ಮಾ ನಮಾಜಿಗೆ ಹೋದ. ಅವನು ಬರುವವರೆಗೆ ಕಾಯುವುದು ಬೇಡವೆಂದು ನಾನೊಬ್ಬನೇ ಪ್ರೂಫ್ ನೋಡಲು ಕೂತೆ. ಅಭ್ಯಾಸಬಲ, ಗಟ್ಟಿಯಾಗಿಯೇ ಓದಿದೆ. ಹೆಸರು, ವಯಸ್ಸು, ಕಸುಬು, ಒಪ್ಪಿದ್ದಾನೆ. ‘ಹೂಂ.’ ಮುಂದಿನ ಹೆಸರು. ‘ಹೂಂ.’ ಹೀಗೆ ಮೂವತ್ತೋ ನಲವತ್ತೋ ಹೆಸರು ಸರಾಗವಾಗಿ ಹೋಯಿತು. ಆಗ ಹೊರಗೆ ಮಸೀದಿಯ ಮೈಕಿನಲ್ಲಿ ಪ್ರವಚನ ಕೇಳಿಸಿತು. ಇಮ್ತಿಯಾಜ್ ಅಲ್ಲಿದ್ದಾನಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

ಎದುರಿನ ಕುರ್ಚಿ ಖಾಲಿಯಿತ್ತು. ನನಗೆ ಹೆದರಿಕೆಯಾಯಿತು. ಎದ್ದು ಮೇಜಿನ ಕೆಳಗೆ ನೋಡಿದೆ, ಮಷಿನ್ನಿನ ಹಿಂದೆ ನೋಡಿದೆ, ಶಟರಿನಡಿ ಬಗ್ಗಿ ಓಣಿ ನೋಡಿದೆ. ಆ ಬಿಸಿಲಿನಲ್ಲಿ ಒಂದು ಬೆಕ್ಕೂ ಇರಲಿಲ್ಲ. ಏಸಿಯ ಸದ್ದಿರಬಹುದೆಂದು ಅದನ್ನೂ ಆರಿಸಿದೆ. ಬೆವರು ಒರೆಸಿಕೊಳ್ಳುತ್ತ ಮತ್ತೆ ಒಂದು ಹೆಸರು ಓದಿದೆ. ‘ಹೂಂ’ ಬಂತು. ಆಚೆ ಬದಿಯಿಂದಲೇ ಬಂತು, ದಣಿದ ಗಂಡಸಿನ ದನಿ. ಮುಂದಿನ ಹೆಸರಿಗೆ ಬೇರೆ ದನಿ.

ಓಡಿಹೋಗಬಹುದಿತ್ತು. ನನ್ನದು ಮೊದಲಿನಿಂದಲೂ ಹಟದ ಸ್ವಭಾವ. ಯಾರಾದರೂ ಆಗಿರಲಿ, ಪೂರ್ತಿ ಓದಿಯೇ ಏಳುತ್ತೇನೆ ಎಂದು ಕೂತೆ. ಓದುತ್ತ ಓದುತ್ತ ಒಂದು ಹೆಸರಿಗೆ ಬಂದೆ. ಲಮ್ ಆ ಕ್ವಾಯ್, ಇಪ್ಪತ್ತನಾಲ್ಕು ವರ್ಷ, ಬಡಗಿ, ಒಪ್ಪಿದ್ದಾನೆ.

ಏನೂ ಕೇಳಿಸಲಿಲ್ಲ.

ಇನ್ನೊಮ್ಮೆ ಓದಿದೆ. ಇಲ್ಲ. ಅವನನ್ನು ಬಿಟ್ಟು ಕೆಳಗಿನವನ ಹೆಸರು ಓದಿದೆ, ‘ಹೂಂ’ ಬಂತು. ಮತ್ತೆ ಮೇಲೆ ಹೋಗಿ ಬಡಗಿಯ ಹೆಸರು ಮೂರನೆಯ ಸಲ ಓದಿದೆ, ಬೇಡಿಕೊಂಡ ಹಾಗೆಯೇ ಓದಿದೆ. ಮೌನ. ಅಲ್ಲಿ ಯಾರೂ ಇಲ್ಲದ ಮೌನವಲ್ಲ ಅದು. ಎದುರಿಗೆ ಕೂತು, ಕೇಳಿಸಿಕೊಂಡು, ಬಾಯಿ ಬಿಡದವನ ಮೌನ. ಉಳಿದವರೆಲ್ಲ ಕೊನೆಯವರೆಗೂ ಹೂಂ ಅಂದರು. ಅವನೊಬ್ಬ ಅನ್ನಲಿಲ್ಲ.

ಇಮ್ತಿಯಾಜ್ ಬಂದ ಮೇಲೆ ಆ ಒಂದು ಪುಟವನ್ನು ಮತ್ತೆ ಓದಿಸಿದೆ. ಬಡಗಿಯ ಹೆಸರಿಗೂ ಅವನು ಚಕ್ಕನೆ ಹೂಂ ಅಂದ. “ಏಸಿ ಯಾಕೆ ಆರ್ಸಿದ್ದೆ? ಹುಚ್ಚಾ ನಿನಗೆ?” ಎಂದು ಬೈದ. ನಾನು ಅವನಿಗೆ ಏನೂ ಹೇಳದೆ ಕಂಪ್ಯೂಟರಿನ ಮುಂದೆ ಕೂತು, ಲಮ್ ಆ ಕ್ವಾಯ್ ಮುಂದಿದ್ದ ಎರಡು ಚುಕ್ಕೆ ಅಳಿಸಿದೆ. ತಲೆಬರಹದಿಂದ ‘ಎಲ್ಲರೂ’ ಎಂಬುದನ್ನು ತೆಗೆದೆ. ಪ್ರಿಂಟ್ ಕೊಟ್ಟೆ.

ಸಂಜೆ ಸಿರಿಲ್ ಬೋರ್ಡು ನೋಡಿ ಕೂಗಾಡಿದರು. “ಇಲ್ಲಿ ಖಾಲಿ ಬಿಟ್ಟದ್ದು ಯಾಕೆ? ನಿನ್ನ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತೇನೆ, ಖಲಾಸ್!”

“ಅವನು ಒಪ್ಪಿರಲಿಲ್ಲ ಸರ್,” ಎಂದೆ.

“ನಿನಗೆ ಬಂದು ಹೇಳಿದ್ನಾ?”

ಹೊರಗೆ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು, ಮತ್ತೆ ಪ್ರಿಂಟ್ ಹಾಕಲು ಸಮಯವಿರಲಿಲ್ಲ. ಬೋರ್ಡು ಹಾಗೆಯೇ ಅಬುಧಾಬಿಗೆ ಹೋಯಿತು. ಸಿರಿಲ್ ಉರಿಯುತ್ತಲೇ ನನ್ನ ಪತ್ರ ಎತ್ತಿಕೊಂಡು, ಸೈನ್ ಇಲ್ಲದ್ದು ಕಂಡು, ಗಟ್ಟಿಯಾಗಿ ಓದಿದರು. ನನ್ನ ಹೆಸರು, ವಯಸ್ಸು, ಕೆಲಸ, ಸ್ವಇಚ್ಛೆಯಿಂದ ಕೊಟ್ಟಿದ್ದೇನೆ. ಓದಿ ನನ್ನ ಮುಖ ನೋಡಿದರು. “ಸರಿ ತಾನೆ?”

ನಾನು ಸುಮ್ಮನಿದ್ದೆ.

ಇನ್ನೊಮ್ಮೆ ಓದಿದರು. ಇಮ್ತಿಯಾಜ್ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಮೂರನೆಯ ಸಲ ಓದುವಾಗ ಅವರ ದನಿ ತುಸು ತಗ್ಗಿತ್ತು. ಅದು ನನ್ನದೇ ಮೌನ, ಅದನ್ನು ಯಾವ ದೆವ್ವದ ತಲೆಗೂ ಕಟ್ಟುವುದಿಲ್ಲ.

ಪಾಸ್‌ಪೋರ್ಟು ನಾಲ್ಕನೆಯ ದಿನ ನನ್ನ ಕೈಗೆ ಬಂತು, ಕೆಲಸ ಹೋಯಿತು. ಆಮೇಲೆ ದುಬೈಯಲ್ಲೇ ಇಂಟರ್‌ನ್ಯಾಷನಲ್ ಸಿಟಿಯ ಕಡೆ ಬೇರೆ ಪ್ರೆಸ್ ಸೇರಿದೆ. ಈಗಲೂ ಒಬ್ಬನೇ ಇದ್ದಾಗ ಗಟ್ಟಿಯಾಗಿ ಓದಿ ಸಾಲಿಗೊಮ್ಮೆ ನಿಲ್ಲುತ್ತೇನೆ. ಯಾರೂ ಹೂಂ ಅಂದಿಲ್ಲ. ಆ ದಿನ ಹೂಂ ಅಂದವರು ಯಾರು, ನನ್ನ ಕಿವಿಯೇ ಕೆಟ್ಟಿತ್ತೋ, ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಆ ಬಡಗಿಯನ್ನು ಅವರು ದಡಕ್ಕೆ ಇಳಿಸಿದರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ನಾನಂತೂ ಇಳಿಸಿದೆ.