ಡೇರೆಗೆ ಅಳತೆ

ಡೇರೆ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಹೊಲಿದವಳನ್ನು ಎಲ್ಲರೂ ಡೇರೆಯಕ್ಕ ಎಂದೇ ಕರೆಯುತ್ತಿದ್ದರು. ಬೆಟ್ಟ ಹತ್ತುವವರಿಗೆ, ಸೈನಿಕರಿಗೆ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಎಂದು ಅವಳ ಕೈ ದಾಟಿಹೋದ ಡೇರೆಗಳಿಗೆ ಲೆಕ್ಕವಿಲ್ಲ. ಆದರೆ ಒಂದರೊಳಗೂ ಅವಳು ಒಂದು ರಾತ್ರಿ ಮಲಗಿದವಳಲ್ಲ.

ಈ ಬೇಸಿಗೆಯಲ್ಲಿ ಮಲಗಲೇಬೇಕೆಂದು ಹಟ ಹಿಡಿದಿದ್ದಳು. ಬೆಟ್ಟಗಳ ನಡುವಿನ ರಾಷ್ಟ್ರೀಯ ಉದ್ಯಾನದಲ್ಲಿ, ಕೆರೆಯ ದಂಡೆಯಲ್ಲಿ ನಾಲ್ಕು ದಿನ ಡೇರೆ ಹಾಕಲು ಅರ್ಜಿ ಕೊಟ್ಟು, ಅನುಮತಿ ಪತ್ರ ತಂದು ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದಳು. ಪಕ್ಕದಲ್ಲೇ ಒಯ್ಯಬೇಕಾದ ಸಾಮಾನಿನ ಪಟ್ಟಿ. ಅದರ ಕೊನೆಗೆ ಮಗ ‘ದೊಡ್ಡ ಟಾರ್ಚು’ ಎಂದು ಸೇರಿಸಿದ್ದ. ಮಗಳು ಅದರ ಕೆಳಗೆ ‘ತಮ್ಮನ ಬಾಯಿಗೆ ಬೀಗ’ ಎಂದು ಬರೆದಿದ್ದಳು.

ಕಾಡು, ಕೆರೆ ಮಕ್ಕಳಿಗಾಯಿತು. ಅವಳಿಗೆ ಬೇಕಾದದ್ದು ಬೇರೆ. ಸರಕು ಸಾಗಿಸುವ ವ್ಯಾನಿನ ಡ್ರೈವರ್ ಆಗಿದ್ದ ಗಂಡ ಆರು ತಿಂಗಳಿಂದ ಮನೆಯಲ್ಲಿದ್ದೂ ಇಲ್ಲದಂತಿದ್ದ. ಬಾಗಿಲ ಮುಂದೆ ವ್ಯಾನು ನಿಲ್ಲಿಸಿ, ಅದರೊಳಗೇ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ, ಆಮೇಲೆ ಒಳಗೆ ಬರುತ್ತಿದ್ದ. ಕೇಳಿದರೆ ಹಾರಿಕೆಯ ಉತ್ತರ. ಆ ಕೆರೆಯ ಹತ್ತಿರ ಫೋನು ಸಿಗುವುದಿಲ್ಲವಂತೆ. ಮೊಣಕೈಗೆ ಮೊಣಕೈ ತಾಗಿಸಿ ನಾಲ್ಕು ರಾತ್ರಿ ಮಲಗಿದರೆ ಮನುಷ್ಯ ಮಾತಾಡದೆ ಎಲ್ಲಿಗೆ ಹೋದಾನು ಎಂಬುದು ಅವಳ ಎಣಿಕೆ.

“ಗೋಡೌನಲ್ಲಿ ಡೇರೆ ರಾಶಿ ಬಿದ್ದಿದೆ. ನೀನ್ಯಾಕೆ ಕೋಟು ಹೊಲಿಸೋರ ಥರ ಅಳತೆ ಅಳತೆ ಅಂತೀಯೇ?” ಎಂದಳು ಪಕ್ಕದ ಮಿಷಿನ್ನಿನವಳು.

“ನಮ್ಮೋರು ಉದ್ದ ಕಣೇ. ಕಾಲು ಆಚೆ ಬರುತ್ತೆ.”

“ಬರ್ಲಿ ಬಿಡೇ, ಗೂಟಕ್ಕೆ ಕಟ್ಟಿಹಾಕೋಕೆ ಅನುಕೂಲ!”

ಅವಳೂ ನಕ್ಕಳು.

ಭಾನುವಾರ ಮಧ್ಯಾಹ್ನ ಮೇಜು, ಕುರ್ಚಿಗಳನ್ನು ಗೋಡೆಗೆ ಸರಿಸಿ, ಬಣ್ಣ ಕೆಟ್ಟಿದ್ದಕ್ಕೆ ಕಾರ್ಖಾನೆಯವರು ಬಿಟ್ಟುಕೊಟ್ಟಿದ್ದ ಹಸಿರು ಕ್ಯಾನ್ವಾಸನ್ನು ನಡುಮನೆಯಲ್ಲಿ ಹಾಸಿದಳು. ಮೊದಲು ತಳ ಕತ್ತರಿಸಬೇಕು. ಗೋಡೆ, ಮಾಡು ಎಲ್ಲ ಅದರ ಅಳತೆಗೇ. ಆಮೇಲೆ ಹಿಗ್ಗಿಸಲು ಬರುವುದಿಲ್ಲ. ಮಕ್ಕಳಿಬ್ಬರೂ ಅಂಗಾತ ಮಲಗಿದರು. ಅವಳು ಸುತ್ತ ಸೀಮೆಸುಣ್ಣದ ಗೆರೆ ಎಳೆದಳು.

“ಅಮ್ಮಾ, ಇವನು ನಿದ್ದೇಲಿ ಒದೀತಾನೆ. ಹೊರಗೆ ಮಲಗ್ಸು.”

“ಹೊರಗೆ ಕರಡಿ ಬರುತ್ತೆ!”

“ಬರ್ಲಿ. ನಿನ್ನ ಗೊರಕೆ ಕೇಳಿದ್ರೆ ಅದೇ ಓಡಿಹೋಗುತ್ತೆ.”

ತನಗೂ ಜಾಗ ಗುರುತು ಮಾಡಿಕೊಂಡು ಅವಳು ತಲೆಯೆತ್ತಿದಳು. ಗಂಡ ಹೊಸ್ತಿಲಲ್ಲೇ ನಿಂತಿದ್ದ. ಬೂಟು ಬಿಚ್ಚಿರಲಿಲ್ಲ.

“ಬನ್ನಿ ರೀ, ಒಂದ್ನಿಮಿಷ ಮಲಗಿ.”

“ನನ್ನ ಅಳತೆ ಬೇಡ.”

“ಯಾಕೆ, ಮರದ ಮೇಲೆ ಮಲಗ್ತೀರಾ?”

ಮಕ್ಕಳು ಬಿದ್ದುಬಿದ್ದು ನಕ್ಕರು. ಅವನು ನಗಲಿಲ್ಲ.

“ಮೂರು ಜನಕ್ಕೇ ಕತ್ತರಿಸು.”

“ಅಪ್ಪಂಗೆ ರಜೆ ಸಿಗ್ಲಿಲ್ವಾ?” ಎಂದ ಮಗ.

“ಮಹಡಿ ಮೇಲೆ ಬಟ್ಟೆ ಒಣಗಿರುತ್ತೆ, ಇಬ್ರೂ ಹೋಗಿ ತನ್ನಿ,” ಎಂದಳು ಅವಳು. ಅವರ ಹೆಜ್ಜೆಸದ್ದು ಮೇಲೆ ಹೋಗುವವರೆಗೆ ಮೊಣಕಾಲೂರಿ ಹಾಗೇ ಕೂತಿದ್ದಳು.

“ರಜೆ ಸಿಕ್ಕಿದೆ,” ಎಂದ ಅವನು, ಗೋಡೆ ನೋಡುತ್ತ. “ನೀವು ಹೋಗ್ಬನ್ನಿ. ಅಷ್ಟರಲ್ಲಿ ನಾನು ನನ್ನ ಸಾಮಾನು ತಗೊಂಡು ಹೋಗ್ಬಿಡ್ತೀನಿ. ಮಕ್ಕಳ ಕಣ್ಣೆದುರು ಬೇಡ ಅಂತ.”

ಅವಳು ಸೀಮೆಸುಣ್ಣ ಕೆಳಗಿಟ್ಟಳು.

“ನಮ್ಗೆ ಇಬ್ರು ಮಕ್ಕಳಿದ್ದಾರೆ ಅಂತ ಆ ಫೋನಿನವಳಿಗೆ ಗೊತ್ತಾ?”

“ಗೊತ್ತು.”

ಅವನನ್ನು ಕಟ್ಟಿಹಾಕಲೆಂದು ಹೂಡಿದ ರಜೆಯೇ ಅವನಿಗೆ ಬಾಗಿಲು ತೆರೆದಿಟ್ಟಿತ್ತು. ಯಾರೂ ಹೋಗುವುದು ಬೇಡ ಎಂದುಬಿಡಬಹುದಿತ್ತು. ಮೇಲಿನಿಂದ ಮಗ ಕರಡಿಯ ಹಾಗೆ ಗುರುಗುಟ್ಟುವುದು, ಮಗಳು ಕಿರುಚಿ ನಗುವುದು ಕೇಳಿಸಿತು. ಅವಳು ಕತ್ತರಿ ತೆಗೆದುಕೊಂಡು ತನ್ನ ಗೆರೆಯ ಆಚೆಗೆ, ನೇರವಾಗಿ, ಈ ಕೊನೆಯಿಂದ ಆ ಕೊನೆಯವರೆಗೆ ಕತ್ತರಿಸಿದಳು.

ಒಬ್ಬ ಮಲಗುವಷ್ಟು ಅಗಲದ ಪಟ್ಟಿ ಉಳಿಯಿತು. ಕ್ಯಾನ್ವಾಸು ಒಬ್ಬರಿಂದ ಮಡಿಸಲಾಗುವ ಬಟ್ಟೆಯಲ್ಲ. ಅವಳು ಒಂದು ತುದಿ ಎತ್ತಿದಾಗ ಅವನು, ರೂಢಿಯಂತೆ, ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಜಗ್ಗಿ ಸರಿಮಾಡಿದರು, ಉದ್ದಕ್ಕೆ ಮಡಿಸಿದರು, ಒಬ್ಬರತ್ತ ಒಬ್ಬರು ನಡೆದರು. ಅವನು ತನ್ನ ಕೈಯ ಮೂಲೆಗಳನ್ನು ಅವಳ ಕೈಗೆ ತಂದುಕೊಟ್ಟ. ಬೆರಳಿಗೆ ಬೆರಳು ತಾಗಿತು.

“ಹಿಡ್ಕೊಂಡ್ಯಾ?”

“ಹೂಂ.”

ಅವನು ಬಿಟ್ಟ.